ಕಾಗದದ ಮೇಲಿನ ಹುಟ್ಟುಹಬ್ಬ

ಕಳೆದ ತಿಂಗಳು ಜಯನಗರದ ನಮ್ಮ ಕಚೇರಿಯಲ್ಲಿ ನನ್ನ ಹುಟ್ಟುಹಬ್ಬ ಮಾಡಿದರು. ಅನಾನಸ್ ಕೇಕು, ಅದರ ಮೇಲೆ ಕೆಂಪಕ್ಷರದಲ್ಲಿ ನನ್ನ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಹಲ್ಲುಕಿರಿದು ಕತ್ತರಿಸಿದೆ. ಅದು ನಾನು ಹುಟ್ಟಿದ ದಿನವಲ್ಲ. ಹುಟ್ಟಿದ ವರ್ಷವಂತೂ ಅಲ್ಲವೇ ಅಲ್ಲ. ಪಕ್ಕದ ಮೇಜಿನ ಹುಡುಗಿ, "ಇಷ್ಟೇನಾ ಮೇಡಂ ನಿಮ್ಮ ವಯಸ್ಸು? ಮಂಡಿ ನೋವು ನೋಡಿದ್ರೆ ಹಂಗನ್ಸಲ್ಲಪ್ಪ" ಎಂದು ನಕ್ಕಳು. ಮಂಡಿಗೆ ಸುಳ್ಳು ಹೇಳಲು ಬರುವುದಿಲ್ಲ ನೋಡಿ.

ಕ್ರಿಕೆಟ್ ನಡೆಯುವ ದಿನಗಳಲ್ಲಿ ನೀವು ನನ್ನನ್ನು ನೋಡಬೇಕು. ಚೆಂಡು ಬ್ಯಾಟಿಗೆ ತಾಗಿದ್ದು ಗೊತ್ತಿದ್ದೂ ಕದಲದೆ ನಿಂತ ಆಟಗಾರನಿಗೆ, ಟಿವಿಯ ಈಚೆಯಿಂದಲೇ "ನಾಚ್ಕೆ ಆಗಲ್ವೇನೋ ನಿಂಗೆ?" ಎಂದು ಕೂಗುವವಳು ನಾನೇ. ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿದವಳಾದ್ದರಿಂದ ಆಟದ ನ್ಯಾಯ ನನಗೆ ಗೊತ್ತು ಎಂದು ಸಹೋದ್ಯೋಗಿಗಳ ನಂಬಿಕೆ. ಆ ಕೋಟಾ ನನಗೆ ದಕ್ಕಿದ ದಾರಿಯನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ.

ನಾನು ಖೋ ಖೋ ಆಡುತ್ತಿದ್ದೆ. ಹದಿನಾಲ್ಕು ವರ್ಷದೊಳಗಿನ ಹುಡುಗಿಯರ ರಾಜ್ಯ ತಂಡಕ್ಕೆ ಆಯ್ಕೆ ಬಂದಾಗ ನನಗೆ ಹದಿನೈದು ದಾಟಿತ್ತು. ನಮ್ಮ ಕೋಚ್ ಮನೆಗೆ ಬಂದು, ಕಾಫಿ ಕುಡಿಯುತ್ತ ಅಪ್ಪನಿಗೆ ಹೇಳಿದರು: "ಎರಡು ವರ್ಷ ಇಳಿಸ್ಬಿಡಿ ಸಾರ್. ಎಲ್ಲಾರೂ ಮಾಡೋದೇ. ಮುಂದೆ ಮಗಳಿಗೊಂದು ಕೆಲ್ಸ ಆಗುತ್ತೆ."

"ಹೆತ್ತೋಳು ನಾನು. ಯಾವಾಗ ಹುಟ್ಟಿದ್ಲು ಅಂತ ನಂಗೊತ್ತಿಲ್ವಾ?" ಎಂದು ಅಮ್ಮ ಅಡುಗೆಮನೆಯಿಂದಲೇ ಗೊಣಗಿದಳು. ಅಪ್ಪ ಓಡಾಡಿ ಹೊಸ ಪ್ರಮಾಣಪತ್ರ ತಂದರು. ದೊಡ್ಡವರು ಮಾಡಿದ್ದು, ನಾನೇನು ಮಾಡಲಿ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಕನ್ನಡಿಯ ಮುಂದೆ ನಿಂತು, ಹೊಸ ತಾರೀಖನ್ನು ಮಗ್ಗಿಯ ಹಾಗೆ ಉರು ಹೊಡೆದವಳು ನಾನೇ.

ಆಯ್ಕೆಯ ಶಿಬಿರದಲ್ಲಿ ನಮ್ಮೂರಿನದೇ ಶ್ರೀನಗರ ಬಡಾವಣೆಯ ಪದ್ಮ ಎಂಬ ಹುಡುಗಿ ಇದ್ದಳು. ನಿಜವಾಗಿಯೂ ಹದಿಮೂರೂವರೆಯವಳು. ಕಡ್ಡಿ ಕಾಲು, ಎರಡು ಜಡೆ; ಕಂಬ ಸುತ್ತುವಾಗ ಮೀನಿನ ಹಾಗೆ ಜಾರಿಕೊಳ್ಳುತ್ತಿದ್ದಳು. ಯಾಕೋ ನನಗೆ ಅಂಟಿಕೊಂಡಳು. "ಅಕ್ಕಾ, ನಿಮ್ ಕಾಲು ಎಷ್ಟುದ್ದ! ಆ ಡೈವ್ ನಂಗೂ ಹೇಳ್ಕೊಡಿ" ಎಂದಳು. ಹೇಳಿಕೊಟ್ಟೆ. ಅವಳ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೇ ಬರುತ್ತಿತ್ತು. ಅವಳು "ಅಕ್ಕಾ" ಎಂದಾಗಲೆಲ್ಲ ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾನು ಸುತ್ತ ನೋಡುತ್ತಿದ್ದೆ.

ಮೂರನೆಯ ದಿನ ಹೆಸರು, ಹುಟ್ಟಿದ ತಾರೀಖು ಎರಡನ್ನೂ ಸೇರಿಸಿ ಪಟ್ಟಿ ಓದಿದರು. ಹನ್ನೆರಡನೆಯ ಹೆಸರು ನನ್ನದು. ಅಲ್ಲಿಗೆ ಪಟ್ಟಿ ಮುಗಿಯಿತು. ಪಕ್ಕದಲ್ಲಿ ಕೂತಿದ್ದ ಪದ್ಮ ಬೆರಳು ಮಡಿಚಿ ಏನೋ ಎಣಿಸಿದಳು.

"ನೀನು ನನಗಿಂತ ಚಿಕ್ಕೋಳಾ?"

ಮೂರು ದಿನ ನೀವು ಎಂದವಳು ಆಗ ನೀನು ಎಂದಳು. ನಾನು "ಹೂಂ" ಎಂದೆ.

ಆಯ್ಕೆಗಾರರೊಬ್ಬರು ಅವಳ ತಲೆ ಸವರಿ, "ಒಂದೇ ಸ್ಥಾನದಲ್ಲಿ ತಪ್ಪೋಯ್ತಮ್ಮ. ಮುಂದಿನ್ವರ್ಷ ಬಾ" ಎಂದರು.

"ಮುಂದಿನ್ವರ್ಷ ನಂಗೆ ಹದಿನಾಲ್ಕು ದಾಟೋಗಿರುತ್ತೆ ಸಾರ್" ಎಂದಳು ಪದ್ಮ. ಅಳಲಿಲ್ಲ. ಖಾಲಿ ಡಬ್ಬಿ ಎತ್ತಿಕೊಂಡು ಗೇಟಿನ ಕಡೆ ನಡೆದಳು. ನಾನು ಬಗ್ಗಿ, ಸರಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಎಲ್ಲರೂ ಮಾಡುವುದೇ ಎಂಬ ಮಾತು ಆಟದ ಬಯಲಿನಲ್ಲಿ ಇವತ್ತಿಗೂ ಕೇಳುತ್ತದೆ. ಎಲ್ಲರೂ ಮಾಡಿರಲಿಲ್ಲ. ಪದ್ಮ ಮಾಡಿರಲಿಲ್ಲ. ವಯಸ್ಸಿನ ಗೆರೆ ಎಳೆದದ್ದೇ ಅವಳಂಥ ಕಡ್ಡಿ ಕಾಲಿನವರಿಗೂ ಒಂದು ಜಾಗ ಇರಲಿ ಎಂದು. ಅಲ್ಲಿ ಹೋಗಿ ಕೂತವಳು ನಾನು. ಈಗಲೂ ಅಲ್ಲೇ ಕೂತಿದ್ದೇನೆ: ದಾಖಲೆ ತಿದ್ದಿಸಿದರೆ ಕೆಲಸಕ್ಕೇ ಕುತ್ತು ಬಂದೀತೆಂಬ ಭಯ. ಈ ಸಲ ಮಾತ್ರ ನನ್ನ ಪಾಲಿನ ಕೇಕನ್ನು ಮೇಜಿನ ಮೇಲೇ ಬಿಟ್ಟು ಬಂದೆ. ಹಳೆಯ ಆಟಗಾರ್ತಿಯೊಬ್ಬಳನ್ನು ಕೇಳಿ ವಿಳಾಸ ಪಡೆದು, ಹೋದ ಭಾನುವಾರ ಶ್ರೀನಗರಕ್ಕೆ ಹೋದೆ.

ಮನೆಯ ಮುಂದಿನ ಕೋಣೆಯಲ್ಲಿ ಪದ್ಮ ಹೊಲಿಗೆ ಹಾಕುತ್ತಿದ್ದಳು. ತಲೆ ಅರ್ಧ ನೆರೆತಿದೆ. ಹೆಸರು ಹೇಳಿದೆ. ಯಂತ್ರ ನಿಂತಿತು.

"ಅವತ್ತು ಸುಳ್ಳು ಹೇಳ್ದೆ ಪದ್ಮ. ನಾನು ನಿಮಗಿಂತ ದೊಡ್ಡೋಳು."

"ಗೊತ್ತು" ಎಂದಳು. "ಅವತ್ತೇ ಗೊತ್ತಿತ್ತು."

ಹಳೇ ಮಾತು ಬಿಡಿ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಕೈಯಲ್ಲಿದ್ದ ರವಿಕೆಯ ನೂಲನ್ನು ಕತ್ತರಿಸಿ ಕೇಳಿದಳು: "ರಾಜ್ಯ ತಂಡದಲ್ಲಿ ಹೋಗಿ ಆಡಿದ್ರಲ್ಲ, ಖುಷಿ ಆಯ್ತಾ?"

ಇಲ್ಲ, ಮನಸ್ಸು ಚುಚ್ಚುತ್ತಲೇ ಇತ್ತು ಎನ್ನಲು ಬಾಯಿ ತೆರೆದೆ. ಅದೂ ಸುಳ್ಳಾಗುತ್ತಿತ್ತು. ರಾಜ್ಯದ ಹೆಸರಿದ್ದ ಅಂಗಿ ತೊಟ್ಟು, ರೈಲಿನಲ್ಲಿ ದಾರಿಯುದ್ದಕ್ಕೂ ಹಾಡಿಕೊಂಡು ಹೋಗಿದ್ದೆವು.

"ಆಯ್ತು" ಎಂದೆ. "ತುಂಬಾ ಆಯ್ತು."

ಪದ್ಮ ತಲೆಯಾಡಿಸಿದಳು. "ಹೋಗಿದ್ದಿದ್ರೆ ನಂಗೂ ಅಷ್ಟೇ ಆಗಿರೋದು."