ಕಾಳಕ್ಕ ಗೋಡೆಗೆ ಹಾಕಿದ ಗಂಡ

ಕಾಳಕ್ಕ ಒಂದು ಸುಳ್ಳನ್ನು ಆರು ವರ್ಷ ಸಾಕಿದಳು. ಬೈಯುವವರು ಅವಳ ಪಾಡನ್ನು ಒಮ್ಮೆ ಕೇಳಿ, ಆಮೇಲೆ ಬೇಕಾದರೆ ಬೈಯಲಿ.

ಅವಳು ಕಂದಿಕೆರೆ ಹತ್ತಿರದ ಗೊಲ್ಲರಹಟ್ಟಿಯವಳು. ಗಂಡ ಮುದ್ದಣ್ಣ ಕುರಿ ಕಾಯುವವನು, ಹುಟ್ಟಿದಾಗಿನಿಂದ ಹಟ್ಟಿಯ ದೇವರು ಜುಂಜಪ್ಪನಿಗೆ ಮುಡಿ ಬಿಟ್ಟವನು. ತಲೆಗಾಗಲಿ ಗಡ್ಡಕ್ಕಾಗಲಿ ಕತ್ತರಿ ಸೋಕಿರಲಿಲ್ಲ. ಹರಕೆಯ ಮುಡಿ ಹೊತ್ತವರು ಫೋಟೋ ತೆಗೆಸಬಾರದೆಂದು ಆ ಮನೆಯ ಹಿರಿಯರ ಕಟ್ಟಪ್ಪಣೆ. ಸ್ವಂತ ಮದುವೆಯಲ್ಲಿ ಕ್ಯಾಮೆರಾದವನು ಬಂದಾಗಲೂ ಆ ಪುಣ್ಯಾತ್ಮ ಚಪ್ಪರದ ಹಿಂದೆ ಹೋಗಿ ನಿಂತಿದ್ದ.

ತೊಂಬತ್ತೆಂಟರಲ್ಲಿ ತಮ್ಮ ಈರಣ್ಣನ ಜೊತೆ ಭದ್ರಾ ಕಾಲುವೆಯ ಕಡೆ, ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತಂಗಿಸಲು ಹೋದ. ಅಲ್ಲಿ ಜ್ವರ ನೆತ್ತಿಗೇರಿತು. ಮೂರನೇ ದಿನ ಏನೇನೋ ಬಡಬಡಿಸುತ್ತ ಎದ್ದು ಹೋದವನು ಮತ್ತೆ ಸಿಗಲಿಲ್ಲ. ಪೊಲೀಸರು ಮೊದಲು ಕೇಳಿದ್ದೇ ಫೋಟೋ. ಇಲ್ಲವೆಂದಾಗ ‘ಉದ್ದ ಕೂದಲು, ಎದೆ ಮುಟ್ಟುವ ಗಡ್ಡ’ ಎಂದು ಬರೆದುಕೊಂಡು ಕಳಿಸಿದರು. ಮಗಳು ಯಮುನಾಗೆ ಆಗ ಒಂದೂವರೆ ವರ್ಷ.

ಕಾಳಕ್ಕ ಮಗುವನ್ನು ಕಟ್ಟಿಕೊಂಡು ತಿಪಟೂರಿಗೆ ಬಂದಳು. ಸದಾಶಿವಯ್ಯನವರ ಕಾಯಿಪುಡಿ ಫ್ಯಾಕ್ಟರಿಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸ. ಬೆರಳ ಸಂದಿಯೆಲ್ಲ ನೀರು ಕುಡಿದು ಬೆಳ್ಳಗೆ ಬಿರಿಯುತ್ತಿತ್ತು. ಅದನ್ನು ಸಹಿಸಬಹುದಿತ್ತು. ಗಂಡನ ಮುಖ ಮರೆತುಹೋಗುತ್ತಿದ್ದುದನ್ನು ಸಹಿಸಲಾಗುತ್ತಿರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಪುಡಿ ಕೊಳ್ಳಲು ಬಂದ ಅಮೆರಿಕದವನೊಬ್ಬ ಸದಾಶಿವಯ್ಯನವರಿಗೆ ಒಂದು ಪಟ ಉಡುಗೊರೆ ಕೊಟ್ಟುಹೋದ. ಹಳೇ ಕಾಲದ ಫೋಟೋವೊಂದನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದ್ದು. ಅವನ ಮುತ್ತಾತನಂತೆ. ಮಾರ್ಮನ್ ಎಂಬ ಕ್ರೈಸ್ತ ಪಂಗಡದವನು, ಕಾಡುಮೇಡಿನಲ್ಲಿ ಬಂದೂಕು ಹಿಡಿದು ಕುದುರೆ ಮೇಲೆ ತಿರುಗಿದವನು, ಗುರುವಿನ ಮಾತಿಗೆ ಕಟ್ಟುಬಿದ್ದು ಕೂದಲು ಕತ್ತರಿಸದವನು. ‘ಯಾರ ಮನೇದೋ ಸತ್ತೋರ ಪಟ ನಮ್ಮನೇಲಿ ಯಾಕ್ರೀ?’ ಎಂದು ಸದಾಶಿವಯ್ಯನವರ ಹೆಂಡತಿ ಹೊಸ್ತಿಲು ದಾಟಿಸಲಿಲ್ಲ. ಪಟ ಗೋದಾಮು ಸೇರಿತು.

ಚೀಲ ತರಲು ಹೋದ ಕಾಳಕ್ಕ ಅದರ ಮುಂದೆ ಕಂಬದ ಹಾಗೆ ನಿಂತುಬಿಟ್ಟಳು. ಭುಜದ ಮೇಲೆ ಇಳಿಬಿದ್ದ ಕೂದಲು, ಎದೆ ಮುಟ್ಟುವ ಗಡ್ಡ.

‘ಅಯ್ನೋರೇ, ಇದ ನನಗೆ ಕೊಟ್ಬುಡಿ’ ಎಂದಳು. ಸದಾಶಿವಯ್ಯನವರು ಪಟದ ಕಥೆ ಹೇಳಿ, ನಕ್ಕು, ಕೊಟ್ಟರು.

ಇದು ಅವನಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೂಗು ಬೇರೆ, ಕಣ್ಣು ತಿಳಿ, ಮೈಮೇಲೆ ಕೋಟು ಬೇರೆ. ಆದರೆ ಗೋಡೆಗೆ ಹಾಕಿದ ದಿನವೇ ಯಮುನಾ ‘ಇದ್ಯಾರವ್ವ?’ ಎಂದು ಕೇಳಿದಳು. ‘ನಿಮ್ಮಪ್ಪ ಕಣೇ’ ಎಂಬ ಮಾತು ಬಾಯಿ ದಾಟಿಹೋಯಿತು.

‘ಅಪ್ಪ ಕೋಟು ಹಾಕ್ತಿದ್ರಾ?’

‘ಸ್ಟುಡಿಯೋದೋರು ಕೊಟ್ಟಿದ್ದು.’

ಅಲ್ಲಿಂದ ಮಗಳು ಸ್ಕೂಲಿಗೆ ಹೊರಡುವಾಗ ಪಟಕ್ಕೆ ಹೇಳಿ ಹೊರಡುವಳು. ಪರೀಕ್ಷೆಯ ಮಾರ್ಕ್ಸು ಅದಕ್ಕೇ ಮೊದಲು ಓದಿ ಹೇಳುವಳು. ಕಾಳಕ್ಕನಿಗೂ ಕಣ್ಣು ಮುಚ್ಚಿದರೆ ಮುದ್ದಣ್ಣನ ಜಾಗದಲ್ಲಿ ಕೋಟಿನವನೇ ಬರತೊಡಗಿದ.

ಎರಡು ಸಾವಿರದ ಏಳರಲ್ಲಿ ಪೊಲೀಸ್ ಪೇದೆ ಬಾಲರಾಜು ವಿಳಾಸ ಹುಡುಕಿಕೊಂಡು ಬಂದ. ಕಾಲುವೆ ಕಡೆಯ ಊರೊಂದರ ಆಸ್ಪತ್ರೆಯಲ್ಲಿ ಉದ್ದ ಕೂದಲಿನ ಭಿಕ್ಷುಕನೊಬ್ಬ ಸತ್ತಿದ್ದಾನೆ. ಸಾಯುವಾಗ ‘ಕಂದಿಕೆರೆ’ ಎಂದನಂತೆ.

‘ಇನ್ನು ಎರಡು ದಿನ ಹೆಣ ಇಟ್ಕೊಂಡಿರ್ತಾರಮ್ಮ. ಫೋಟೋ ಇದ್ರೆ ಕೊಡಿ, ಹೋಲಿಕೆ ಇದ್ರೆ ಕರೆಸ್ತೀವಿ.’

ಕಾಳಕ್ಕ ಬಾಯಿ ತೆರೆಯುವ ಮೊದಲೇ ಹತ್ತು ವರ್ಷದ ಯಮುನಾ ಸ್ಟೂಲು ಹತ್ತಿ ಪಟ ಇಳಿಸಿದಳು. ‘ಇವ್ರೇ ಸಾರ್ ನಮ್ಮಪ್ಪ’ ಎಂದಳು.

ಈಗಲಾದರೂ ಹೇಳಬೇಕಿತ್ತು. ಹೇಳಿದರೆ ಮಗಳ ಎದುರು ಆರು ವರ್ಷದ ಸುಳ್ಳು ಬಯಲಾಗುತ್ತದೆ. ಅಷ್ಟೇ ಆಗಿದ್ದರೆ ಹೇಳುತ್ತಿದ್ದಳೇನೋ. ಇನ್ನೊಂದು ಆಸೆ ಅವಳ ನಾಲಿಗೆ ಹಿಡಿಯಿತು. ಈ ಪಟದ ಜೊತೆ ಆ ಹೆಣದ ಮುಖ ಹೊಂದುವುದಿಲ್ಲ. ಹೊಂದದಿದ್ದರೆ ಸತ್ತವನು ಮುದ್ದಣ್ಣನಲ್ಲ. ಮುದ್ದಣ್ಣನಲ್ಲದಿದ್ದರೆ ಅವನು ಇನ್ನೂ ಎಲ್ಲೋ ಬದುಕಿದ್ದಾನೆ. ಎಂಥ ಹುಚ್ಚು ಲೆಕ್ಕ! ಆದರೂ ಬಾಲರಾಜು ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುವವರೆಗೂ ಕಾಳಕ್ಕ ಸುಮ್ಮನೆ ನಿಂತಿದ್ದಳು.

ಮೂರನೇ ದಿನ ಅವನೇ ಬಂದು ‘ನಿಮ್ಮೋರಲ್ಲಮ್ಮ, ಸಮಾಧಾನ ಮಾಡ್ಕೊಳ್ಳಿ’ ಎಂದ. ಕಾಳಕ್ಕ ಅವನಿಗೆ ಕಾಫಿ ಕಾಸಿಕೊಟ್ಟಳು. ಅವತ್ತು ಹೊಟ್ಟೆ ತುಂಬ ಉಂಡಳು ಕೂಡ.

ತಿಂಗಳ ಮೇಲೆ ಈರಣ್ಣ ಮಂದೆ ಹೊಡೆದುಕೊಂಡು ಹಟ್ಟಿಗೆ ಮರಳಿದ. ಸುದ್ದಿ ಕೇಳಿ ಯಾರಿಗೂ ಹೇಳದೆ ಆ ಊರಿನ ಠಾಣೆಗೆ ಹೋಗಿ, ಹೆಣದ ಫೋಟೋ ಇಸಿದುಕೊಂಡು ಕಾಳಕ್ಕನ ಬಾಗಿಲಿಗೆ ಬಂದ.

‘ಅತ್ಗೆ, ಅಣ್ಣನೇ ಅದು. ಒಂಬತ್ತು ವರ್ಸ ಅದೇ ಊರ ಬಸ್‌ಸ್ಟಾಂಡ್‌ನಾಗೆ ಬಿದ್ದಿದ್ನಂತೆ. ವಾರಸ್ದಾರ್ರಿಲ್ಲ ಅಂತ ಮುನಿಸಿಪಾಲ್ಟಿಯೋರು ಮಣ್ಣು ಮಾಡವ್ರೆ. ಎಲ್ಲಿ ಅಂತ ಕೇಳುದ್ರೆ ಗುಂಡಿ ತೋರ್ಸೋಕೂ ಯಾರಿಗೂ ಗೊತ್ತಿಲ್ಲ.’

ಕಾಳಕ್ಕ ಫೋಟೋ ನೋಡಿದಳು. ಮರೆತಿದ್ದ ಮುಖವೆಲ್ಲ ಒಂದೇ ಏಟಿಗೆ ನೆನಪಾಯಿತು. ನೆಲಕ್ಕೆ ಕುಸಿದು ಎದೆ ಬಡಿದುಕೊಂಡಳು.

ಈರಣ್ಣ ಬಚ್ಚಲಲ್ಲಿ ಕೊಡ ತುಂಬಿಟ್ಟು, ಸೂತಕದ ನೀರು ಹಾಕಿಕೊಳ್ಳಲು ಯಮುನಾಳನ್ನು ಕರೆದ. ಅವಳು ಫೋಟೋವನ್ನು ಬಗ್ಗಿ ನೋಡಿದಳು.

‘ಇವ್ರು ಯಾರೋ. ನಮ್ಮಪ್ಪ ಅಲ್ಲ. ನಾನ್ಯಾಕೆ ಮೀಯ್ಲಿ?’

‘ಇವರೇ ಕಣೇ ನಿಮ್ಮಪ್ಪ. ನಾನು ಸುಳ್ಳು ಹೇಳಿದ್ದೆ ಕಣವ್ವ...’

‘ಪೊಲೀಸ್ರೇ ನೋಡಿ ಅಲ್ಲ ಅಂದವ್ರೆ. ನೀನೂ ಇಲ್ಲೇ ನಿಂತಿದ್ಯಲ್ಲವ್ವ, ಅವಾಗ್ಯಾಕೆ ಹೇಳ್ಲಿಲ್ಲ?’

ಮಗಳು ಬ್ಯಾಗು ಹೆಗಲಿಗೇರಿಸಿಕೊಂಡು ಸ್ಕೂಲಿಗೆ ನಡೆದಳು. ಮುದ್ದಣ್ಣನ ಹೆಸರಿನಲ್ಲಿ ಆ ಮನೆಯಲ್ಲಿ ಕಾಳಕ್ಕ ಒಬ್ಬಳೇ ತಲೆಗೆ ನೀರು ಹಾಕಿಕೊಂಡಳು.