ಹೆಚ್ಚಿಗೆ ಬಂದ ಎರಡು ವಾರ

ತಾಜಿಗುಲ್ ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದ ದಿನವೇ ಅತ್ತೆ ಜೂರಾಕಾನ್ ನನ್ನ ಹತ್ತಿರ ಬಂದು ಮೂಗು ಮುರಿದಿದ್ದಳು. "ನೋಡಿದ್ಯಾ ಬೂರುಲ್, ನಮಸ್ಕಾರ ಮಾಡೋವಾಗ ಬೆನ್ನೇ ಬಗ್ಗಲ್ಲ ಅವಳದು. ಕೋಲು ನುಂಗಿದವಳ ಹಾಗೆ ನಿಂತ್ಕೋತಾಳೆ." ತನ್ನ ತಮ್ಮನ ಮಗಳನ್ನು ತಂದುಕೊಳ್ಳಬೇಕೆಂದು ಅವಳು ಹಂಚಿಕೆ ಹಾಕಿದ್ದಳು. ಮಗ ಮಿರ್ಲಾನ್ ಕೇಳಲಿಲ್ಲ. ಓಶ್ ಪಟ್ಟಣದ ಸಂತೆಯಲ್ಲಿ ಕಂಡ ಹುಡುಗಿಯೇ ಬೇಕೆಂದು ಹಟ ಹಿಡಿದ. ಮದುವೆಯಾಗಿ ತಿಂಗಳು ಕಳೆಯುವುದರೊಳಗೆ ಮಾಸ್ಕೋಗೆ ಕಟ್ಟಡದ ಕೆಲಸಕ್ಕೆ ಹೊರಟುಹೋದ. ನಮ್ಮ ಊರಿನ ಗಂಡಸರೆಲ್ಲ ಹಾಗೆಯೇ.

ಎರಡು ವರ್ಷ ಆ ಎರಡು ಹೆಂಗಸರು ಒಂದೇ ಒಲೆಯ ಎರಡು ಪಕ್ಕದಲ್ಲಿ ಬೆನ್ನು ತಿರುಗಿಸಿಕೊಂಡು ಬದುಕಿದರು. ಬೆಳಿಗ್ಗೆ ಎದ್ದು ಹಸು ಕರೆಯುವುದು, ರೊಟ್ಟಿ ಸುಡುವುದು, ಅತ್ತೆಯನ್ನು 'ಅಪಾ' ಎಂದು ಕರೆದು ಚಹಾ ಬಗ್ಗಿಸಿ ಕೊಡುವುದು ಎಲ್ಲವನ್ನೂ ತಾಜಿಗುಲ್ ಮಾಡಿದಳು. ನಗು ಮಾತ್ರ ಕೊಡಲಿಲ್ಲ. ಬಟ್ಟಲಿನ ತುಂಬ ಚಹಾ ಸುರಿದು ಅತ್ತೆಯ ಮುಂದಿಟ್ಟದ್ದನ್ನು ನಾನೇ ಒಂದು ಸಲ ನೋಡಿದ್ದೇನೆ. ನಮ್ಮಲ್ಲಿ ಬಟ್ಟಲು ತುಂಬಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದು ಅರ್ಥ.

ಜೂರಾಕಾನ್‌ಳ ಗಂಡ ತೀರಿಕೊಂಡ ವರ್ಷಾಬ್ದಿಯ ಊಟಕ್ಕೆ ಮಿರ್ಲಾನ್ ಬಂದ. ಹತ್ತು ದಿನವಿದ್ದು ಹೋದ. ಅವನು ಹೋದ ಮೇಲೆ ತಾಜಿಗುಲ್‌ಗೆ ಕುರಿಕೊಬ್ಬಿನ ವಾಸನೆ ಬಂದರೆ ಸಾಕು, ಅಂಗಳಕ್ಕೆ ಓಡುವಂತಾಯಿತು. ಜೂರಾಕಾನ್ ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ, ಮಂಡಿನೋವಿಗೆ ಔಷಧಿ ತರಲು ನಾನೂ ಜೊತೆಗೆ ಹೋದೆ. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆ ನೋಡುತ್ತಲೇ, "ಎಂಟು ವಾರ, ಎದೆಬಡಿತ ಚೆನ್ನಾಗಿದೆ. ಮುಂದಿನವರು ಬನ್ನಿ" ಎಂದಳು. ಅಷ್ಟೇ.

ವಾಪಸು ಬರುವಾಗ ಮಿನಿಬಸ್ಸಿನಲ್ಲಿ ಜೂರಾಕಾನ್ ಬೆರಳು ಮಡಚುತ್ತ ಕೂತಿದ್ದಳು. ಒಂದು ಸಲ ಎಣಿಸಿದಳು, ಮತ್ತೊಂದು ಸಲ ಎಣಿಸಿದಳು. ಆಮೇಲೆ ಬಸ್ಸಿನ ತುಂಬ ಕೇಳುವಂತೆ ಕೇಳಿದಳು: "ನನ್ನ ಮಗ ಬಂದು ಆರು ವಾರ ಆಯ್ತು. ಹೊಟ್ಟೇಲಿರೋದು ಎಂಟು ವಾರದ್ದು. ಉಳಿದ ಎರಡು ವಾರದವನು ಯಾವನೇ?"

ಮುಂದೆ ಕೂತಿದ್ದವರ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ತಾಜಿಗುಲ್ ಅತ್ತೆಯ ಕಡೆಗೆ ತಿರುಗಿದಳು.

"ಅಪಾ, ಡಾಕ್ಟರು ಏನೋ ತಪ್ಪು ಹೇಳಿರ್ಬೇಕು."

"ಯಂತ್ರ ಸುಳ್ಳು ಹೇಳುತ್ತಾ? ಸುಳ್ಳು ಹೇಳೋದು ನಿನ್ನ ಜಾತಿ!"

ಅಂದೇ ಮಗನಿಗೆ ಫೋನು ಹೋಯಿತು. ಅವನು ಹೆಂಡತಿಯ ಕೈಗೆ ಫೋನು ಕೊಡಿಸಿ, "ಅಮ್ಮ ಹೇಳ್ತಿದಾರೆ ಅಂದ್ಮೇಲೆ ಏನೋ ಇರ್ಬೇಕು. ಸ್ವಲ್ಪ ದಿನ ನಿಮ್ಮಪ್ಪನ ಮನೇಲಿರು" ಎಂದನಂತೆ. ತವರಿಗೆ ಹೋದರೆ ಅಪ್ಪ ಬಾಗಿಲಲ್ಲೇ ನಿಲ್ಲಿಸಿ, "ಕಲ್ಲು ಬಿದ್ದ ಜಾಗದಲ್ಲೇ ಭಾರ, ಹೆಣ್ಣು ಕೊಟ್ಟ ಮನೆಯಲ್ಲೇ. ವಾಪಸು ಹೋಗು" ಎಂದ. ತಾಯಿ ಅತ್ತಳು, ಆದರೆ ಗಂಡನ ಮಾತು ಮೀರಲಿಲ್ಲ. ತಾಜಿಗುಲ್ ಚೀಲ ಹಿಡಿದು ನನ್ನ ಮನೆಗೆ ಬಂದಳು. ವಿಧವೆಯ ಮನೆ, ಇರು ಎಂದೆ. ಅಂದಿನಿಂದ ಜೂರಾಕಾನ್ ನನ್ನ ಕಡೆಯ ಗೋಡೆಗೆ ಬೂದಿ ಸುರಿಯತೊಡಗಿದಳು.

ವಾರ ಕಳೆದು ತಾಜಿಗುಲ್ ಒಬ್ಬಳೇ ಆ ಡಾಕ್ಟರಮ್ಮನ ಹತ್ತಿರ ಹೋದಳು. ಡಾಕ್ಟರಮ್ಮ ಮೊದಲು ರೇಗಿದಳಂತೆ. ಆಮೇಲೆ ಅವಳ ಮುಖ ನೋಡಿ ಕೂರಿಸಿ ಹೇಳಿದಳು: "ಬಸಿರು ನಿಂತ ದಿನ ಯಾವುದು ಅಂತ ಯಾರಿಗೂ ಸರಿಯಾಗಿ ಗೊತ್ತಿರಲ್ಲಮ್ಮ. ಮುಟ್ಟಾದ ದಿನ ಗೊತ್ತಿರುತ್ತೆ. ಅದಕ್ಕೇ ಕೊನೇ ಮುಟ್ಟಿನ ಮೊದಲ ದಿನದಿಂದ ಎಣಿಸ್ತೀವಿ. ಸ್ಕ್ಯಾನಲ್ಲಿ ಮಗುವಿನ ಉದ್ದ ಅಳೆದು ಹೇಳೋದೂ ಅದೇ ಲೆಕ್ಕದಲ್ಲೇ. ಮೊದಲ ಎರಡು ವಾರ ಹೊಟ್ಟೇಲಿ ಮಗುನೇ ಇರಲ್ಲ. ನಾನು ಎಂಟು ಅಂದ್ರೆ ಗಂಡ ಹೆಂಡತಿ ಕೂಡಿ ಆರು ವಾರ ಆಯ್ತು ಅಂತ."

"ಇದನ್ನ ಅವತ್ತೇ ಹೇಳಿದ್ರೆ ಏನಾಗ್ತಿತ್ತು?" ಎಂದು ತಾಜಿಗುಲ್ ಕೇಳಿದಳಂತೆ. ಡಾಕ್ಟರಮ್ಮ ಮುಂದಿನವರನ್ನು ಕರೆದಳಂತೆ.

ಮನೆಗೆ ಬಂದು ನನಗೆ ಹೇಳಿದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. "ಅತ್ತೆಗೆ ಹೋಗಿ ಹೇಳು" ಎಂದೆ. "ಬಸ್ಸಿನ ತುಂಬ ಕೇಳಿದ್ರಲ್ಲ ಬೂರುಲ್ ಅಕ್ಕ, ನಾನೂ ಊರಿನ ತುಂಬ ಹೇಳ್ತೀನಿ" ಎಂದಳು.

ಆ ತಿಂಗಳೇ ಓಣಿಯ ಕೊನೆಯ ಮನೆಯಲ್ಲಿ ತೊಟ್ಟಿಲ ಹಬ್ಬ. ಹೆಂಗಸರೆಲ್ಲ ಸೇರಿದ್ದರು. ಹೆರಿಗೆಯ ಮಾತು ಬಂದಾಗ ಜೂರಾಕಾನ್ ಎಂದಿನಂತೆ ತನ್ನ ಹಿರಿಮೆ ಬಿಚ್ಚಿದಳು: ತನ್ನ ಮದುವೆ ನವೆಂಬರ್ ಏಳರ, ಸೋವಿಯತ್ ಕಾಲದ ಕೆಂಪು ಬಾವುಟದ ಹಬ್ಬದ ದಿನ, ಜುಲೈ ಮುಗಿಯುವಷ್ಟರಲ್ಲಿ ಮಿರ್ಲಾನ್ ಮಡಿಲಲ್ಲಿದ್ದ, ರಷ್ಯನ್ ಡಾಕ್ಟರಮ್ಮ ತೂಗಿ ನೋಡಿ "ನಲವತ್ತು ವಾರ ತುಂಬಿದ ಕೂಸು" ಎಂದಿದ್ದಳು.

ತಾಜಿಗುಲ್ ಬಾಗಿಲ ಬಳಿಯಿಂದ ಎದ್ದಳು. "ಅಪಾ, ನಲವತ್ತು ವಾರ ಹಿಂದಕ್ಕೆ ಎಣಿಸಿ. ಅಕ್ಟೋಬರಿಗೆ ಹೋಗಿ ನಿಲ್ಲುತ್ತೆ. ಅಕ್ಟೋಬರಲ್ಲಿ ನೀವಿನ್ನೂ ತವರಲ್ಲಿದ್ರಿ. ಆ ಎರಡು ವಾರದವನು ಯಾವನು?"

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಬೆರಳು ಮಡಚಿ ನೋಡಿ, "ಅಯ್ಯೋ, ಹೌದಲ್ಲೇ!" ಎಂದಳು. ನಗು ಸಿಡಿಯಿತು. ಜೂರಾಕಾನ್ ಕೈಯಲ್ಲಿದ್ದ ಬಟ್ಟಲನ್ನು ಎಸೆದಳು; ಬಿಸಿ ಚಹಾ ತಾಜಿಗುಲ್‌ಳ ಮೊಣಕೈ ಸುಟ್ಟಿತು.

"ನಾನು ಶುದ್ಧವಾಗಿ ಬಂದವಳು ಕಣೇ ಈ ಮನೆಗೆ!"

"ನಾನೂ ಹಾಗೇ ಇದ್ದೆ. ಡಾಕ್ಟರ ಲೆಕ್ಕದಲ್ಲಿ ಎಲ್ಲರಿಗೂ ಎರಡು ವಾರ ಹೆಚ್ಚಿಗೇ ಬರುತ್ತೆ. ನಿಮಗೂ, ಇಲ್ಲಿರೋರಿಗೆಲ್ಲ."

ಕ್ಷಮೆ ಕೇಳುವ ಜಾತಿಯಲ್ಲ ಜೂರಾಕಾನ್. ಕೇಳಲಿಲ್ಲ. ಊರಿನ ನಾಲಿಗೆ ಮಾತ್ರ ಅಂದಿನಿಂದ ತಾಜಿಗುಲ್‌ಳನ್ನು ಬಿಟ್ಟು ಅತ್ತೆಯನ್ನು ಹಿಡಿದುಕೊಂಡಿತು, ಅದೂ ಅನ್ಯಾಯವಾಗಿಯೇ.

ಬೇಸಿಗೆಯ ಹೊಸ್ತಿಲಲ್ಲಿ ಹೆಣ್ಣುಮಗು ಹುಟ್ಟಿತು. ವಿಷಯ ತಿಳಿದ ಮಿರ್ಲಾನ್ ವಿಮಾನ ಹತ್ತಿ ಬಂದು ನನ್ನ ಅಂಗಳದಲ್ಲಿ ಟೋಪಿ ಹಿಡಿದು ನಿಂತ. "ಮನೆಗೆ ಹೋಗೋಣ. ಅಮ್ಮನಿಗೆ ಡಾಕ್ಟರ ಲೆಕ್ಕ ಗೊತ್ತಿರಲಿಲ್ಲ."

"ನಿಮ್ಮಮ್ಮ ಬೆರಳಾದ್ರೂ ಮಡಚಿದ್ರು" ಎಂದಳು ತಾಜಿಗುಲ್. "ನೀನು ಎಣಿಸಲೂ ಇಲ್ಲ." ಗಂಡನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಮೊದಲ ಸಲ ಕೇಳಿದೆ. ಅವನು ಸಂಜೆಯವರೆಗೂ ನಿಂತಿದ್ದು ಹೋದ.

ಈಗ ಅವಳು ಓಶ್ ಸಂತೆಯಲ್ಲಿ ಉಪ್ಪುಮೊಸರಿನ ಉಂಡೆ ಮಾರುತ್ತಾಳೆ. ಉಂಡೆ ಕಟ್ಟಿ ಒಣಗಿಸುವುದು ನಾನು. ಹೋದ ಚಳಿಗಾಲದಲ್ಲಿ ನಾನೂ ಜೊತೆಗಿದ್ದಾಗ ಜೂರಾಕಾನ್ ಅಂಗಡಿಯ ಮುಂದೆ ಬಂದು ನಿಂತಳು. ತುಂಬ ಕುಗ್ಗಿದ್ದಳು. ಉಂಡೆಯೊಂದನ್ನು ಕೈಯಲ್ಲಿ ತಿರುಗಿಸುತ್ತ, "ಮಗುವಿನ ಹೆಸರೇನು?" ಎಂದಳು.

"ತಗೊಳ್ಳೋದಾದ್ರೆ ತಗೊಳ್ಳಿ ಅಪಾ, ಹಿಂದೆ ಜನ ನಿಂತಿದಾರೆ" ಎಂದಳು ತಾಜಿಗುಲ್. ಜೂರಾಕಾನ್ ಉಂಡೆಯನ್ನು ಅಲ್ಲೇ ಇಟ್ಟು ಹೊರಟಳು. ತಾಜಿಗುಲ್ ತಲೆಯೆತ್ತಲಿಲ್ಲ, ಮುಂದಿನ ಗಿರಾಕಿಗೆ ತೂಗತೊಡಗಿದಳು.