ರಾಹುಕಾಲ ನೋಡಿ ಸಮುದ್ರ ಅಳೆದವರು

ನಮ್ಮ ಗೈಡ್ ಸರ್ ಕಿರುಬೆರಳಿನ ಉಗುರೊಂದನ್ನು ಉದ್ದ ಬಿಟ್ಟಿದ್ದರು. ಅದರಿಂದ ಕಿವಿ ಕೆರೆದುಕೊಂಡು, ಅದೇ ಉಗುರನ್ನು ನಕ್ಷೆಯ ಮೇಲಿಟ್ಟು ಅಂಡಮಾನಿನ ಸಮುದ್ರತಳದ ಬಿರುಕು ತೋರಿಸುತ್ತಿದ್ದರು. ಅವರ ಊರು ಆಳಂದ. ನಾನು ಜೇವರ್ಗಿ ಕಡೆಯ ಕೊಳಕೂರದವಳೆಂದು ತಿಳಿದು, "ನಮ್ಮ ಕಡಿ ಹುಡುಗಿ" ಎಂದು ಪಿಎಚ್‌ಡಿಗೆ ಸೇರಿಸಿಕೊಂಡರು. ನನ್ನನ್ನು ಕಂಡಾಗಲೆಲ್ಲ ಆ ಉಪಕಾರವನ್ನು ನೆನಪಿಸುತ್ತಿದ್ದರು.

ಭೂಕಂಪ ಅಧ್ಯಯನದ ಹಡಗಿಗೆ ಅವರೇ ಮುಖ್ಯಸ್ಥರು. ಬಂದರು ಬಿಟ್ಟ ಕೂಡಲೇ ನಿಂಬೆಹಣ್ಣು ಮೂಸುತ್ತ ಕ್ಯಾಬಿನ್ನಿನಲ್ಲಿ ಮಲಗುವರು. ಫೋಟೊ ತೆಗೆಯುವಾಗ ಮಾತ್ರ ಹೆಲ್ಮೆಟ್ ಹಾಕಿಕೊಂಡು ಮೇಲೆ ಬರುವರು. ಊರಿನ ವೇದಿಕೆಗಳಲ್ಲಿ ಕಾಯಕದ ಬಗ್ಗೆ, ಮೂಢನಂಬಿಕೆಯ ವಿರುದ್ಧ ಗಂಟೆಗಟ್ಟಲೆ ಭಾಷಣ ಬಿಗಿಯುವ ಈ ಮಹಾಶಯರ ಜೇಬಿನಲ್ಲಿ ಸದಾ ಪಂಚಾಂಗ.

ಭೂಕಂಪವನ್ನು ದಾಖಲಿಸುವ ಯಂತ್ರವೊಂದನ್ನು ಹಿಂದಿನ ವರ್ಷ ನಾನು ಸಮುದ್ರದ ತಳಕ್ಕೆ ಬಿಟ್ಟಿದ್ದೆ. ಹಡಗಿನಿಂದ ಸದ್ದಿನ ಸಂಕೇತ ಕಳಿಸಿದರೆ ಅದು ಭಾರ ಕಳಚಿಕೊಂಡು ತೇಲಿ ಬರಬೇಕು. ಆ ವರ್ಷ ಅಲ್ಲಿ ದೊಡ್ಡ ಭೂಕಂಪವಾಗಿತ್ತು, ಅದರ ಹತ್ತಿರ ಇದ್ದದ್ದು ನನ್ನ ಯಂತ್ರ ಒಂದೇ. ನನ್ನ ಪಿಎಚ್‌ಡಿಯೆಲ್ಲ ಅದರ ಹೊಟ್ಟೆಯಲ್ಲಿತ್ತು.

ಅದನ್ನು ಎತ್ತಿ ತರಲು ಹೋದ ದಿನ ಸಮುದ್ರ ಶಾಂತವಾಗಿತ್ತು. ಸಂಕೇತ ಕಳಿಸಲು ಕೂತರೆ ಸರ್ ಕೈ ಅಡ್ಡ ಹಿಡಿದರು.

"ತಡಿ ಬೇ, ರಾಹುಕಾಲ ಮುಗೀಲಿ."

"ಸಮುದ್ರದ ತಳದಾಗ ಎಲ್ಲಿ ರಾಹುಕಾಲರಿ ಸರ್?"

"ಭಾಳ ಶಾಣ್ಯಾಕಿ ಆಗಬ್ಯಾಡ. ಹೇಳಿದಷ್ಟ ಮಾಡು."

ರಾಹುಕಾಲ ಮುಗಿಯಿತು, ಸಂಕೇತ ಹೋಯಿತು. ಅಷ್ಟು ಆಳದಿಂದ ಯಂತ್ರ ಮೇಲೇರಲು ಹೊತ್ತು ಹಿಡಿಯುತ್ತದೆ. ಸರ್‌ಗೆ ಎಲ್ಲಿಯ ಪುರುಸೊತ್ತು! ಆಳಂದದಲ್ಲಿ ಅವರಿಗೆ ಸನ್ಮಾನವಿತ್ತು, ವಿಮಾನ ತಪ್ಪಬಾರದು. "ಕೆಸರಾಗ ಸಿಕ್ಕೊಂಡದ, ಇನ್ನ ಬರಂಗಿಲ್ಲ" ಎಂದು ಹಡಗು ತಿರುಗಿಸಿದರು.

ಸ್ವಲ್ಪ ದೂರ ಬಂದಿದ್ದೆವು, ರೇಡಿಯೊ ಕಿರ್ರೆಂದಿತು. ಯಂತ್ರ ನೀರಿನ ಮೇಲೆ ಬಂದು ಕರೆಯುತ್ತಿತ್ತು.

"ಬಂದದರಿ ಸರ್! ಕೈ ಮುಗೀತೇನಿ, ಹೊಳ್ಳಿ ಹೋಗಮ್ರಿ!"

"ಹೋಗ್ಲಿ ಬಿಡು. ಬರೋ ವರ್ಷ ಇನ್ನೊಂದು ಬಿಡಮು."

ನಾನು ಅಳುತ್ತ ನಿಂತೆ. ಅವರು ಭಾಷಣ ಬಾಯಿಪಾಠ ಮಾಡಲು ಒಳಗೆ ಹೋದರು. ಸನ್ಮಾನದಲ್ಲಿ ಶಾಲು ಹೊದ್ದು, ಮುಂದಿನ ಸಾಲಿನಲ್ಲಿದ್ದ ನನ್ನತ್ತ ಬೆರಳು ಮಾಡಿ, "ಹೊಸ ಹುಡುಗಿ, ಯಂತ್ರ ಕಳದಳು. ನಾ ಹೊಟ್ಟ್ಯಾಗ ಹಾಕ್ಕೊಂಡೆ" ಎಂದರು. ಜನ ಚಪ್ಪಾಳೆ ತಟ್ಟಿದರು. ಥೂ!

ಯಾರು ಯಾರದೋ ದಾಖಲೆ ಬೇಡಿ ತಂದು ಪಿಎಚ್‌ಡಿ ಮುಗಿಸಿದೆ. ನಾನು ಕೇಳಬೇಕೆಂದಿದ್ದ ಭೂಕಂಪ ಮಾತ್ರ ಸಿಗಲಿಲ್ಲ.

ಹೋದ ವರ್ಷ ಸರ್ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ನನಗೂ ಎರಡು ಮಾತು ಆಡಲು ಹೇಳಿದರು. "ಈಗ ಹಡಗಿನಾಗ ನಾನೇ ಮುಖ್ಯಸ್ಥೆ ಅದೀನ್ರಿ. ಯಾರದೇ ಯಂತ್ರ ಇರ್ಲಿ, ಬರೋತನಾ ಕಾಯ್ತೇನಿ. ಅದು ಸರ್‌ನಿಂದ ಕಲ್ತಿದ್ದು" ಎಂದು ಕೂತೆ. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ.

ಆಮೇಲೆ ಅವರ ಹೆಂಡತಿ ಹತ್ತಿರ ಬಂದು ನನ್ನ ಕೈ ಹಿಡಿದರು. "ಮನ್ಯಾಗ ನನಗ ಊಟಕ್ಕೂ ಒಂದಿನ ಕಾದವರಲ್ಲ ತಂಗಿ. ಹಡಗಿನಾಗ ಅಷ್ಟು ಕಾಯ್ತಿದ್ರೇನು?"

"ಹೌದ್ರಿ ಅಮ್ಮಾರ" ಎಂದೆ. ಆಕೆಯ ಮುಖ ನೋಡಿ ಸುಳ್ಳು ಹೇಳಿದೆ.